‘ಸಾಯ್ಲಿ ಬಿಡು’ ಅಂದರೆ ಸಾವಲ್ಲ

ಕೊಟ್ಟೂರು
ತಾ. 9-3-1984

ಮೈಸೂರಿನಲ್ಲಿ ಓದುತ್ತಿರುವ ನನ್ನ ತಂಗಿ ಓಬಮ್ಮನಿಗೆ ಅಕ್ಕನ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಬಂತು. ಲಕೋಟೆ ದಪ್ಪಗಿತ್ತು ನೋಡು, ನಾನು ಗುರುತು ಹಾಕಿದ ಹಾಳೆಗಳನ್ನೇ ವಾಪಸು ಕಳಿಸಿದ್ದೀ ಎಂದುಕೊಂಡು ಅರ್ಧ ತಾಸು ಒಡೆಯಲೇ ಇಲ್ಲ. ನಿಮ್ಮ ಭಾವ ನೋಡಿ ನೋಡಿ, "ಒಡಿ ಅತ್ಲಾಗ, ಹಾವಾಡಿಗನ ಬುಟ್ಟಿ ಏನದು?" ಎಂದರು. ಒಡೆದೆ. ನೂರಕ್ಕೆ ಎಂಬತ್ತೇಳು ಎಂದಿತ್ತು. ಬೆರಳಿಟ್ಟು ಮತ್ತೆ ಓದಿದೆ. ಮೈಸೂರಿನ ನಿನ್ನ ಗೆಳತಿ ಹಾಕಿದ ಗುರುತಿಗೂ, ಐದನೇ ಕ್ಲಾಸು ಎರಡು ಸಲ ಅರ್ಧಕ್ಕೆ ಬಿಟ್ಟ ನನ್ನ ಗುರುತಿಗೂ ಅಷ್ಟು ಹೊಂದಿಕೆ.

ಮೊದಲ ಸಲ ಐವತ್ತೊಂದು ಬಂದಾಗಿನ ನನ್ನ ಪಾಡು ನಿನಗೆ ಪೂರ್ತಿ ಬರೆದಿರಲಿಲ್ಲ. ಹಾಸ್ಟೆಲಿನ ಹುಡುಗಿಯರಿಗೆ ನಮ್ಮ ಕಡೆಯಿಂದ ಬಂದ ನಲವತ್ತು ಪತ್ರಗಳನ್ನು, ನೀನು ಹೆಸರು ತೆಗೆದು ನಕಲು ಮಾಡಿ ನನಗೆ ಕಳಿಸಿದ್ದೆ. ಚಿಂತೆಯ ಮಾತಿಗೆ ಹಸಿರು, ನೆಮ್ಮದಿಗೆ ನೀಲಿ, ಸಾವಿನ ಭಯಕ್ಕೆ ಕೆಂಪು ಗೆರೆ ಎಳೆ ಎಂದಿದ್ದೆ. ಎಳೆದೆ. ಆಮೇಲೆ ನಿಮ್ಮ ಮೇಡಂ, ಇಬ್ಬರ ಗುರುತೂ ಹೊಂದುತ್ತಿಲ್ಲ, ಓದಿಲ್ಲದವರನ್ನು ಬಿಡು, ಇಲ್ಲವಾದರೆ ಈ ವರ್ಷ ಪ್ರಬಂಧ ತೆಗೆದುಕೊಳ್ಳುವುದಿಲ್ಲ ಎಂದರಂತೆ. ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ನನ್ನ ಕೈಯಿಂದಲೇ ನಿನ್ನ ಮನಶ್ಶಾಸ್ತ್ರದ ಎಂ.ಎ. ಮುಳುಗಿತು ಎಂದೇ ತಿಳಿದೆ. ಅದಕ್ಕೇ ನಿನ್ನ ಆ ಗೆಳತಿಯ ಹಾಳೆ ಕಳಿಸು, ಅವಳಂತೆಯೇ ಎಳೆದು ಕೊಡುತ್ತೇನೆ ಎಂದು ಬರೆದದ್ದು. "ಅಕ್ಕಾ, ಅದು ಕಾಪಿ ಹೊಡದಂಗ" ಎಂದು ನೀನು ಬೈದೆ. ಬೈದದ್ದು ಸರಿ. ಆದರೆ ಆ ಪತ್ರದ ಕೊನೆಗೆ ನೀನೇ ಒಂದು ಸಾಲು ಹಾಕಿದ್ದೆ: ಅವಳು ಇಪ್ಪತ್ತಾರು ಕಡೆ ಕೆಂಪು ಎಳೆದಿದ್ದಾಳೆ, ನೀನು ಮೂರೇ ಕಡೆ.

ನನ್ನಲ್ಲೇ ಉಳಿಸಿಕೊಂಡಿದ್ದ ಇನ್ನೊಂದು ನಕಲು ಹಿಡಿದು ಕೂತೆ. ಇಪ್ಪತ್ತಾರು ಸಾವು ಎಲ್ಲಿವೆ ಇವುಗಳಲ್ಲಿ? ಹುಡುಕಿದರೆ, ‘ಬಸ್ಸು ತಪ್ಪಿತು, ಸಾಯ್ಲಿ ಬಿಡು’ ಅಂತ ಒಂದು. ‘ಮಾರ್ಕ್ಸ್ ಕಡಿಮಿ ಬಂದ್ರ ಸಾಯ್ಲಿ ಬಿಡು’ ಅಂತ ಇನ್ನೊಂದು. ನಾನು ಅವಕ್ಕೆಲ್ಲ ನೀಲಿ ಎಳೆದಿದ್ದೆ. ಆದರೂ ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ನಲ್ಲಿಯ ಹತ್ತಿರ ಪಕ್ಕದ ಮನೆಯ ಪಕ್ಕೀರಮ್ಮನನ್ನು ಕೇಳಿದೆ. ಅವಳು ಕೊಡ ಇಳಿಸಿ, "ಇದಕ್ಕೂ ಮೈಸೂರಿಗೆ ಹೋಗಿ ಓದಬೇಕೇನಬೇ? ಹಾಲು ಉಕ್ಕಿ ಹೋದ್ರ ಸಾಯ್ಲಿ ಬಿಡು ಅಂತೀವಿ. ಹಾಲಿಗೇನು ಚಟ್ಟ ಕಟ್ತೀವಾ?" ಎಂದಳು. ಅಷ್ಟಕ್ಕೂ ಸಮಾಧಾನವಾಗದೆ, ಹಗರಿಬೊಮ್ಮನಹಳ್ಳಿ ಬಸ್ಸಿನಲ್ಲಿ ಹಡಗಲಿ, ಕೂಡ್ಲಿಗಿ ಕಡೆಯ ಹನ್ನೊಂದು ಹೆಂಗಸರನ್ನು ಕೇಳಿದೆ. ಕಂಡಕ್ಟರು ನನ್ನನ್ನು ಜನಗಣತಿಯವಳು ಎಂದುಕೊಂಡ. ಎಲ್ಲರದೂ ಒಂದೇ ಮಾತು: ‘ಹೋಗಲಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಅಂತ ಅದರ ಅರ್ಥ. ಅದನ್ನೇ ನಿನಗೆ ಬರೆದು ಹಾಕಿದೆ, ಡಬ್ಬಿಗೆ ಬಿದ್ದಿತೋ ಇಲ್ಲವೋ ಎಂದು ಎರಡು ಸಲ ಹೋಗಿ ಇಣುಕಿ ಬಂದೆ.

ಮೇಡಂ, ‘ಸಾಯ್ಲಿ ಬಿಡು’ಗೆ ಕೆಂಪು ಬೇಡ ಎಂದು ನಿಯಮ ತಿದ್ದಿಸಿ, ಇಬ್ಬರಿಗೂ ನಲವತ್ತು ಪತ್ರಗಳ ಹೊಸ ಕಟ್ಟೊಂದನ್ನು ಕೊಡಿಸಿದ್ದರ ಫಲ ಈ ಎಂಬತ್ತೇಳು. ಪ್ರಬಂಧ ಒಪ್ಪಿದರಂತೆ. ‘ಎರಡನೇ ಪರಿಶೀಲಕರು: ಶ್ರೀಮತಿ ಹಂಪಮ್ಮ, ಕೊಟ್ಟೂರು’ ಎಂದು ಟೈಪು ಮಾಡಿಸಿದ ಹಾಳೆಯನ್ನು ಇಡೀ ಓಣಿಗೆ ತೋರಿಸಿ ಬಂದೆ. ಪಕ್ಕೀರಮ್ಮ, "ಮಾತು ನಂದು, ಹೆಸರು ನಿಂದಾ?" ಎಂದು ಜಗಳಕ್ಕೆ ಬಂದಿದ್ದಾಳೆ. ಜಾಗವಿದ್ದರೆ ಅವಳದೂ ಸೇರಿಸು. ಬೈಂಡು ಹಾಕಿಸುವ ಮುಂಚೆ ನನ್ನ ಹೆಸರಿನ ಸೊನ್ನೆ ಸರಿಯಾಗಿ ಬಿದ್ದಿದೆಯೇ ಇನ್ನೊಮ್ಮೆ ನೋಡು.

ಹಿಗ್ಗಿನಿಂದ ರಾತ್ರಿ ನಿದ್ದೆ ಕೆಟ್ಟ ನಿನ್ನ ಅಕ್ಕ,
ಹಂಪಮ್ಮ

ತಾ.ಕ.: ಎರಡನೇ ಕಟ್ಟಿನ ಒಂಬತ್ತನೇ ಪತ್ರ ನನ್ನದು. ಹೆಸರು ತೆಗೆದರೆ ನನ್ನ ಮಾತು ನನಗೆ ಗೊತ್ತಾಗುವುದಿಲ್ಲವೇ? ‘ನಾವೆಲ್ಲ ಆರಾಮ ಅದೀವಿ, ನೀನು ಓದು’ ಎಂಬಲ್ಲಿ ನೀಲಿ ಎಳೆದೆ. ಬರೆದ ಮಾತಿಗಷ್ಟೇ ಗೆರೆ, ಮುಚ್ಚಿಟ್ಟದ್ದಕ್ಕಲ್ಲ ಎಂಬುದು ನಿನ್ನದೇ ನಿಯಮ. ಅದನ್ನು ಬರೆದ ದಿನ ನಿಮ್ಮ ಭಾವ ಬಳ್ಳಾರಿ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದರು. ಈಗ ಎರಡು ರೊಟ್ಟಿ ಹೆಚ್ಚೇ ತಿನ್ನುತ್ತಾರೆ, ಹೆದರಬೇಡ. ಆ ಗೆರೆಯನ್ನು ಮಾತ್ರ ಮುಟ್ಟಬೇಡ, ಎಂಬತ್ತೇಳು ಕಡಿಮೆಯಾದೀತು.