ಅರ್ಧಕ್ಕೆ ನಿಂತ ಎಡಗೈ

ಸೆಪ್ಟೆಂಬರ್ 18, ಸಂಜೆ

ಇವತ್ತು ಒಂಬತ್ತು ಮನೆ. ಒಂಬತ್ತು ಬಟ್ಟಲು ಮಿಸೊ ಸಾರು, ಉಪ್ಪು ಸೋಯಾ ಮುದ್ದೆಯದು. ಒಂಬತ್ತು ಸಲ ಉಪ್ಪಿನ ಮೀಟರು ಅದ್ದಿ, ಒರೆಸಿ, ಬರೆದುಕೊಂಡೆ. ಕೇರಿಯ ಆರೋಗ್ಯ ಸೇವಕಿಯ ಪಾಳಿ ಈ ವರ್ಷ ನಮ್ಮ ಮನೆಯದು. ಬೇಡ ಅನ್ನುವ ಹಾಗಿಲ್ಲ, ರಸ್ತೆಯ ಹಿಮ ಎತ್ತುವ ಪಾಳಿಯ ಹಾಗೆಯೇ.

ಕಿನು ಅಜ್ಜಿಯ ಸಾರಿನಲ್ಲಿ ಉಪ್ಪು ಶೇಕಡಾ 0.4. ಅನುಮಾನ ಬಂದು ರುಚಿ ನೋಡಿದೆ... ಮೂಲಂಗಿ ಸ್ನಾನ ಮಾಡಿದ ನೀರು. ನಾನು ತಿರುವಿನಲ್ಲಿ ಕಂಡ ಕೂಡಲೇ ಒಂದು ಚೊಂಬು ಬಿಸಿನೀರು ಸುರಿದಳಂತೆ. ನಾನು ಹೋದ ಮೇಲೆ ಮತ್ತೆ ಮಿಸೊ ಹಾಕುತ್ತಾಳಂತೆ.

"ನಿನ್ನ ಮುಖ ನೋಡಿ ಮಾಡಿದ್ದು ಕಣಮ್ಮ. ಪಾಪ, ಅಷ್ಟು ದೂರದಿಂದ ಬರ್ತೀಯ."

ಕೊನೆಗೆ ನಮ್ಮದೇ ಮನೆ. ಬೆಳಗಿನ ಸಾರು ಮಾಡುವವರು ಮಾವ. ಅತ್ತೆ ಹೋಗಿ ಹನ್ನೊಂದು ವರ್ಷ, ಅಂದಿನಿಂದ ಸಾರೂ ಉಪ್ಪಿನಕಾಯಿ ಪೀಪಾಯಿಯೂ ಅವರ ವಶ. ಅಳೆದೆ. 1.5. ಇಡೀ ಕೇರಿಗೇ ಮೊದಲು.

ಮಿತಿಯೊಳಗಿರಲಿ ಅಂತ ಪುಸ್ತಕದಲ್ಲಿ 0.9 ಬರೆದೆ. ಸೇವಕಿಯ ಮನೆಯೇ ಸಮುದ್ರ ಅಂತ ಟೌನ್ ಆಫೀಸಿಗೆ ತಿಳಿಯುವುದು ಬೇಡ.

ಸೆಪ್ಟೆಂಬರ್ 25

ಟೌನ್ ಆಫೀಸಿನವರು ಕರಪತ್ರ ಮಾಡುತ್ತಿದ್ದಾರೆ – ಲಕ್ವ ಹೊಡೆಯುವುದನ್ನು ಗುರುತಿಸುವುದು ಹೇಗೆ ಅಂತ. "ನೀವು ಪ್ರಾಸ ಕಟ್ತೀರಂತಲ್ಲ ಇತ್ಸುಕೊ ಅವರೇ" ಅಂದರು. ನಾನು ಕೆಲಸ ಮಾಡುವ ರೈತರ ಸಂಘದ ಆಫೀಸಿನಲ್ಲಿ ಗೊಬ್ಬರದ ಚೀಲಕ್ಕೂ ಪ್ರಾಸ ಕಟ್ಟಿದ್ದು ಸುದ್ದಿಯಾಗಿದೆ. ಊಟದ ಬಿಡುವಿನಲ್ಲಿ ಮುಗಿಸಿದೆ.

ಬಾಯಿ ಸೊಟ್ಟ, ಕೈಯಿ ಜಾರು, ಮಾತು ಮುದ್ದೆ –
ಹೊತ್ತು ನೋಡು, ಫೋನು ಮಾಡು, ಬಿಡು ನಿದ್ದೆ.

ಅದರ ಕೆಳಗೆ ಡಾಕ್ಟರರ ಒಂದು ಸಾಲು: ಐದೇ ನಿಮಿಷಕ್ಕೆ ಸರಿಹೋದರೂ ಬಿಡಬೇಡಿ, ಅವತ್ತೇ ಬನ್ನಿ. ಅದಕ್ಕೂ ಪ್ರಾಸ ಹುಡುಕಿದೆ. ಸಿಗಲಿಲ್ಲ.

ಅಕ್ಟೋಬರ್ 9

ಸೋಯಾ ಸಾಸಿನ ಬಾಟಲಿ ತೆಗೆದು ಸ್ಪ್ರೇ ಬಾಟಲಿ ಇಟ್ಟೆ. ಒತ್ತಿದರೆ ಮಂಜಿನ ಹಾಗೆ ಬರುತ್ತದೆ, ಕಾಲು ಭಾಗ ಸಾಸು ಸಾಕು. ಮಾವ ಬೆಕ್ಕಿನ ಮೇಲೆ ಹೊಡೆದು ನೋಡಿದರು. ಬೆಕ್ಕಿಗೂ ಸಪ್ಪೆಯಂತೆ.

ಬಿಪಿ 168, ಕೆಳಗಿನದು 96. ಮೆಷಿನ್ನಿಗೆ ತನ್ನನ್ನು ಕಂಡರೆ ಭಯ, ಅದಕ್ಕೇ ಏರುತ್ತದೆ ಅನ್ನುತ್ತಾರೆ. ಮಾತ್ರೆ ನುಂಗುವುದು ತಲೆನೋವು ಬಂದ ದಿನ ಮಾತ್ರ. ದಿನಾ ನುಂಗಬೇಕು ಅಂತ ನಾನೂ ಮಸಾನೊರಿಯೂ ಹೇಳಿ ಹೇಳಿ ಸೋತೆವು. ಬಸ್ಸು ಓಡಿಸುವ ನನ್ನ ಗಂಡನಿಗೆ ಅದರ ತುಂಬಾ ಜನರನ್ನು ಸುಮ್ಮನೆ ಕೂರಿಸಲು ಬರುತ್ತದೆ. ಅಪ್ಪನನ್ನು ಬರುವುದಿಲ್ಲ.

ಉಪ್ಪಿಗೆ ಹೇಳು ಸಾಕು,
ನಾಳೆಯೂ ಊಟಕ್ಕೆ ಕೂರಬೇಕು.

ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮಾವ ಅದರ ಮೇಲೆ ಸೂಪರ್ ಮಾರ್ಕೆಟ್ಟಿನ ಚೀಟಿ ಅಂಟಿಸಿದರು.

ಅಕ್ಟೋಬರ್ 27, ಭಾನುವಾರ

ಬೆಳಗಿನ ಊಟದಲ್ಲಿ ಮಾವನ ಎಡಗೈಯಿಂದ ಅನ್ನದ ಬಟ್ಟಲು ಜಾರಿ ಬಿತ್ತು. ಕೈ ಮರದ ಹಾಗಾಗಿದೆ ಅಂದರು. ಬೆರಳು ಮಡಚಲು ನೋಡಿದರು, ಆಗಲಿಲ್ಲ. ಏನು ಮಾಡುವುದು ಅಂತ ನಾನು ನೋಡುವಷ್ಟರಲ್ಲಿ ಸರಿಹೋಯಿತು. ಐದಾರು ನಿಮಿಷ ಅಷ್ಟೇ. ಆಮೇಲೆ ಅದೇ ಕೈಯಲ್ಲಿ ಟೀ ಎತ್ತಿ ಕುಡಿದರು, ನನ್ನ ಕಡೆ ನೋಡುತ್ತಾ, ಬೇಕೆಂದೇ.

ಮೂಲಂಗಿ ಕಿತ್ತ ಕೈ, ಸೋತಿದೆ ಅಂದರು. ನಿಜ. ನಿನ್ನೆ ನೂರಿಪ್ಪತ್ತು ಮೂಲಂಗಿ ಕಿತ್ತು, ಉಪ್ಪಿನಕಾಯಿಗೆ ಅಂತ ಹೊಗೆ ಕೋಣೆಯಲ್ಲಿ ನೇತುಹಾಕಿದ್ದಾರೆ. ಇರಬಹುದು.

ಮಧ್ಯಾಹ್ನ ಕರಪತ್ರ ಹಂಚಿದೆ. ಹದಿನಾಲ್ಕು ಮನೆ.

ನವೆಂಬರ್ 17, ಆಸ್ಪತ್ರೆಯ ಕಾರಿಡಾರು

ಮೂರು ದಿನ ಬರೆದಿಲ್ಲ. ಈಗ ಕ್ರಮವಾಗಿ ಬರೆಯುತ್ತೇನೆ.

ಗುರುವಾರ ಬೆಳಗ್ಗೆ. ಎಂದಿನಂತೆ ಗುಡಿಯ ಅಂಗಳ, ಆರೂವರೆಯ ರೇಡಿಯೋ ವ್ಯಾಯಾಮ. ರೇಡಿಯೋ ಹೊತ್ತು ತರುವವರು ಮಾವ, ಮುಂದೆ ನಿಂತು ಮಾಡಿಸುವವರು ಮಾವ, ಕೊನೆಗೆ ಎಲ್ಲರ ಹಾಜರಿ ಕಾರ್ಡಿಗೆ ಠಸ್ಸೆ ಒತ್ತುವವರೂ ಮಾವ. ನಾವು ಇಪ್ಪತ್ತೆರಡು ಜನ. ಮೊದಲನೇ ವ್ಯಾಯಾಮ ಸರಿಯಾಗಿಯೇ ಆಯಿತು. ನನ್ನ ಮೊಣಕೈ ಸೋಮಾರಿ ಅಂತ ಬೈದದ್ದೂ ಆಯಿತು. ಕತ್ತಿನ ವ್ಯಾಯಾಮ ಆಯಿತು. ಎರಡನೆಯದು ಶುರುವಾಯಿತು – ಎರಡೂ ಕೈ ಬೀಸಿ ಮೇಲಕ್ಕೆ. ಮಾವನ ಬಲಗೈ ಹೋಯಿತು. ಎಡಗೈ ಭುಜದ ಹತ್ತಿರ ನಿಂತುಬಿಟ್ಟಿತು.

ನಾವು ಅವರು ಮಾಡಿದ್ದನ್ನೇ ಮಾಡುವವರು. ಇಪ್ಪತ್ತೆರಡು ಜನರದೂ ಒಂದು ಕೈ ಮೇಲೆ, ಒಂದು ಕೈ ಅರ್ಧಕ್ಕೆ. ಹೊಸ ವ್ಯಾಯಾಮ ಅಂದುಕೊಂಡರಂತೆ. ನನ್ನ ಕೈಯೂ ಅರ್ಧಕ್ಕೇ ನಿಂತಿತ್ತು... ಅದನ್ನು ನೋಡಿಕೊಂಡು ಕೈ ಇಳಿಸಿದೆ.

ಮುಂದೆ ಹೋದೆ. ಎಡ ತುಟಿಯ ತುದಿ ಜಾರಿತ್ತು. ದಿನಾ ಕೊನೆಗೆ ಗಟ್ಟಿಯಾಗಿ ಹೇಳುವ ತಾರೀಕನ್ನು ಹೇಳಿ ಅಂದೆ. ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವರ ಹಾಗೆ ಏನೋ ಹೇಳಿದರು. ಗಡಿಯಾರ ನೋಡಿದೆ. 6:38. ಆಂಬುಲೆನ್ಸಿಗೆ, ನೂರಾ ಹತ್ತೊಂಬತ್ತಕ್ಕೆ, ಫೋನು ಮಾಡಿದೆ.

ಮಾವ ನನ್ನ ತೋಳು ಹಿಡಿದರು. ಮಾತು ಮುದ್ದೆಯಾಗಿದ್ದರೂ ಇದು ತಿಳಿಯಿತು: "ಸೈರನ್ ಬೇಡ ಅಂತ ಹೇಳು." ಮನೆಗೆ ಹೋಗಿ ಗಡ್ಡ ಹೆರೆದು, ಒಳ್ಳೆಯ ಒಳಚಡ್ಡಿ ಹಾಕಿಕೊಂಡು, ಮಸಾನೊರಿ ಬಂದ ಮೇಲೆ ಅವನ ಕಾರಿನಲ್ಲಿ ಹೋಗುವುದಂತೆ. ಊರೆಲ್ಲ ನೋಡುತ್ತದಂತೆ.

"ಊರೆಲ್ಲ ಇಲ್ಲೇ ನಿಂತಿದೆ ಮಾವ. ನೋಡೋದೆಲ್ಲ ನೋಡಿ ಆಯ್ತು."

ಅವರು ಸುತ್ತ ನೋಡಿದರು. ಇಪ್ಪತ್ತೊಂದು ಮುಖ. ಅರ್ಧ ಬಾಯಲ್ಲಿ ನಕ್ಕ ಹಾಗಾಯಿತು. ತೋಳು ಬಿಟ್ಟರು.

ಸೈರನ್ ಇಲ್ಲದೆ ಬರುವುದಕ್ಕೆ ಆಗುವುದಿಲ್ಲ ಅಂತ ಫೋನಿನವರೂ ಹೇಳಿದರು. ಕಿನು ಅಜ್ಜಿ ತನ್ನ ಹತ್ತಿಯ ಕೋಟು ಬಿಚ್ಚಿ ಕಲ್ಲಿನ ಮೇಲೆ ಹಾಸಿದಳು, ಮಾವನನ್ನು ಮಲಗಿಸಿದೆವು. ಥರ್ಮಾಸಿನಿಂದ ಟೀ ಬಗ್ಗಿಸಿದಳು. ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಬಾಯಿಗೆ ಏನೂ ಹಾಕಬಾರದು ಅಂದೆ. ಎಂಬತ್ತೆರಡು ವರ್ಷದಲ್ಲಿ ಮೊದಲ ಸಲ ಯಾರೋ ಅವಳ ಟೀ ಬೇಡ ಅಂದದ್ದು. ತಾನೇ ಕುಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಕೊನೆಯ ಸಲ ಚೆನ್ನಾಗಿ ಇದ್ದದ್ದು ಎಷ್ಟು ಹೊತ್ತಿಗೆ. ಮೊದಲನೇ ವ್ಯಾಯಾಮದಲ್ಲಿ ಸರಿ ಇದ್ದರು, ಎರಡನೆಯದರಲ್ಲಿ ಇರಲಿಲ್ಲ ಅಂದೆ. ಅವರು ಪೆನ್ನು ನಿಲ್ಲಿಸಿ ತಲೆಯೆತ್ತಿದರು. ಆ ರೇಡಿಯೋ ಇಡೀ ದೇಶಕ್ಕೇ ಗೊತ್ತು. ಬೆರಳು ಎಣಿಸಿ "ಆರು ಮೂವತ್ತೇಳು" ಅಂತ ತಾವೇ ಬರೆದುಕೊಂಡರು.

ತಲೆಯ ಸ್ಕ್ಯಾನು. ರಕ್ತಸ್ರಾವ ಇಲ್ಲ, ರಕ್ತದ ಹೆಪ್ಪು ಸಿಕ್ಕಿಕೊಂಡಿದೆ. ಕರಗಿಸುವ ಔಷಧಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಎಂಟು ಹೊಡೆಯುವ ಮೊದಲೇ ಕೊಟ್ಟರು.

ಇದಕ್ಕೆ ಮೊದಲು ಹೀಗೆ ಆಗಿತ್ತೇ ಅಂತಲೂ ಕೇಳಿದರು. ಬಟ್ಟಲಿನ ಕಥೆ ಹೇಳಿದೆ. ಅವತ್ತೇ ಬಂದಿದ್ದರೆ ಬಹುಶಃ ಇದನ್ನು ತಪ್ಪಿಸಬಹುದಿತ್ತು ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹದಿನಾಲ್ಕು ಮನೆಗೆ ಓದಿ ಹೇಳಿದ ಸಾಲು. ಹದಿನೈದನೆಯದು ನಮ್ಮದು.

ನವೆಂಬರ್ 22

ಮಾತು ಮುಕ್ಕಾಲು ಪಾಲು ಮರಳಿದೆ. ಬೈಗುಳ ಪೂರ್ತಿ ಮರಳಿದೆ. ಆಸ್ಪತ್ರೆಯ ಸಾರನ್ನು ಕಿಟಕಿಯ ಹೂಕುಂಡಕ್ಕೆ ಹಾಕಲು ಹೋಗಿ ನರ್ಸಿನ ಕೈಗೆ ಸಿಕ್ಕಿಬಿದ್ದರು. ಎಡಗೈ ಮಾತ್ರ ಇನ್ನೂ ನೆಂಟರ ಹಾಗೆ – ಕರೆದರೆ ಬರುತ್ತದೆ, ನಿಧಾನಕ್ಕೆ.

ಮಧ್ಯಾಹ್ನ ಇದ್ದಕ್ಕಿದ್ದಂತೆ ಅತ್ತೆಯ ವಿಷಯ ತೆಗೆದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ಅವಳು ಫೋನ್ ಮಾಡು ಅಂದ್ಲು. ನಾನು, ಮಲಕ್ಕೋ, ಸರಿಹೋಗುತ್ತೆ, ಬೆಳಬೆಳಗ್ಗೆ ಸೈರನ್ ಬಂದ್ರೆ ಜನ ಏನಂತಾರೆ ಅಂದೆ. ಮಲಗಿದ್ಲು. ನನ್ನ ಮಾತು ಕೇಳ್ತಾ ಇದ್ದಳಲ್ಲ ಯಾವಾಗ್ಲೂ."

ಸೇಬು ಹೆಚ್ಚಿ ಕೊಟ್ಟೆ. ಎಡಗೈಯಲ್ಲೇ ತೆಗೆದುಕೊಂಡರು. ಎರಡು ಸಲ ಬಿತ್ತು. ನಾನು ಎತ್ತಿಕೊಡಲಿಲ್ಲ, ಅವರೇ ಎತ್ತಿಕೊಂಡರು.

ಡಿಸೆಂಬರ್ 3

ಉಪ್ಪಿನ ಪುಸ್ತಕ ತೆರೆದು ನಮ್ಮ ಮನೆಯ 0.9ಕ್ಕೆ ಗೀಟು ಹಾಕಿ 1.5 ಅಂತ ಕೆಂಪು ಶಾಯಿಯಲ್ಲಿ ಬರೆದೆ. ಟೌನ್ ಆಫೀಸಿಗೆ ಹೋಗಿ ಹೇಳಿಯೂ ಬಂದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. ಪ್ರತಿ ಸೇವಕಿಯ ಮನೆಯೂ ಯಾಕೋ 0.9 ಇರುತ್ತದಂತೆ.

ಬಟ್ಟಲಿನ ಕಥೆಯನ್ನೂ ಈಗ ಮನೆಮನೆಯಲ್ಲಿ ಹೇಳುತ್ತೇನೆ. ಪ್ರಾಸವಿಲ್ಲದೆ. ಕಿನು ಅಜ್ಜಿ ಪೂರ್ತಿ ಕೇಳಿದಳು, ಆಮೇಲೆ ನೀರು ಬೆರೆಸದ ಸಾರು ತಂದಿಟ್ಟಳು. 1.3.

"ಬಯ್ಯೋದಾದ್ರೆ ಈಗಲೇ ಬಯ್ಯಿ" ಅಂದಳು. ಬೈದೆ. ಇಬ್ಬರೂ ನಕ್ಕೆವು.

ಫೆಬ್ರವರಿ 11

ಮಾವ ಮನೆಗೆ ಬಂದು ಹತ್ತು ದಿನ. ಮಾತ್ರೆ ದಿನಾ ನುಂಗುತ್ತಾರೆ, ನುಂಗಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ವ್ಯಾಯಾಮದ ಠಸ್ಸೆ. ಬಿಪಿ 134. ಮೆಷಿನ್ನಿಗೆ ಈಗ ಸಲಿಗೆ ಬಂದಿದೆಯಂತೆ. ಸಾಕೆ ಮದ್ಯ ಭಾನುವಾರಕ್ಕೆ ಒಂದು ಬಟ್ಟಲು – ಬಟ್ಟಲು ದೊಡ್ಡದು ಹುಡುಕಿದ್ದಾರೆ, ಅದೂ ನನಗೆ ಗೊತ್ತು.

ಉಪ್ಪಿನಕಾಯಿ ಪೀಪಾಯಿಯ ಮುಂದೆ ಬಹಳ ಹೊತ್ತು ಕೂತಿದ್ದರು. ಅದು ಅತ್ತೆಯ ಅಳತೆ. ಬದಲಿಸಿ ಅನ್ನಲು ನನಗೆ ಬಾಯಿ ಬರಲಿಲ್ಲ. ಅವರೇ ಅಂದರು, ಮುಂದಿನ ಸಲ ಅರ್ಧ ಉಪ್ಪು. ಮೇಲೆ ಭಾರಕ್ಕೆ ಇಡುವ ಕಲ್ಲು ಮಾತ್ರ ಅವಳದ್ದೇ ಇರಲಿ ಅಂತ.

ಏಪ್ರಿಲ್ 9, ಬೆಳಗ್ಗೆ 7:05

ಇವತ್ತು ಮಾವ ಮತ್ತೆ ಮುಂದೆ ನಿಂತರು. ರೇಡಿಯೋ ಹೊತ್ತದ್ದು ಎಡಗೈ. ದಾರಿಯಲ್ಲಿ ಮೂರು ಕಡೆ ಕೆಳಗಿಟ್ಟರು, ನಾನು ಮೂರು ಸಲ ಬೂಟಿನ ಲೇಸು ಕಟ್ಟಿದೆ.

ಗುಡಿಯ ಮೂಲೆಯಲ್ಲಿ ಇನ್ನೂ ಹಿಮ. ಇಪ್ಪತ್ತೆರಡೂ ಜನ ಬಂದಿದ್ದರು. ಮೊದಲನೆಯದು ಆಯಿತು. ಎರಡನೆಯದು. ಬಲಗೈ ಮೇಲೆ ಹೋಯಿತು. ಎಡಗೈ ಭುಜ ದಾಟಿತು, ಕಿವಿಯ ಹತ್ತಿರ ಬಂತು, ಅಲ್ಲಿ ನಿಂತಿತು.

ಇಪ್ಪತ್ತೆರಡು ಜನರದೂ ನಿಂತಿತು, ಕಿವಿಯ ಹತ್ತಿರ. ಯಾರೂ ಒಂದಂಗುಲ ಮೇಲೆತ್ತಲಿಲ್ಲ. ಈ ಸಲ ಎಲ್ಲರಿಗೂ ಗೊತ್ತಿತ್ತು.

ಮಾವ ಒಂದು ಗಳಿಗೆ ನಮ್ಮನ್ನೆಲ್ಲ ನೋಡಿದರು.

"ನನಗೆ ಲಕ್ವ. ನಿಮಗೇನು ರೋಗ? ಎತ್ರಿ ಮೇಲಕ್ಕೆ."

ಎತ್ತಿದೆವು. ಕಿನು ಅಜ್ಜಿ ಕಣ್ಣೊರೆಸಿಕೊಳ್ಳಲು ಕೈ ಇಳಿಸಿದ್ದಕ್ಕೆ ಇವತ್ತು ಅವಳಿಗೆ ಠಸ್ಸೆ ಇಲ್ಲ.

ಈಗ ಅಡುಗೆಮನೆಯಿಂದ ಕೂಗುತ್ತಿದ್ದಾರೆ – ಸಾರು ಆಗಿದೆಯಂತೆ, ನೀರು ಬೆರೆಸಿಲ್ಲವಂತೆ, ಬಂದು ಅಳೆದು ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಬೇಕಂತೆ. ಬಂದೆ ಮಾವ. ಮೀಟರು ಎಲ್ಲಿಟ್ಟೆ...