ಹದಿನೇಳನೇ ನಂಬರಿನ ಬೀಗ

ಕಾರ್ಖಾನೆಯ ವಸತಿಗೃಹ,
ನವೆಂಬರ್ ೧೪, ಮಂಗಳವಾರ ಬೆಳಗ್ಗೆ

ಪ್ರೀತಿಯ ತಮ್ಮನಿಗೆ,

ಭುಜದ ಗಾಯ ಈಗ ಹೇಗಿದೆ? ಎರಡನೆಯ ಸಲ ಹಾಕಿದ ಹೊಲಿಗೆಯ ಕೆಳತುದಿ ಇನ್ನೂ ಸ್ವಲ್ಪ ಒಸರುತ್ತದೆಂದು ಅಕ್ಕ ಬರೆದಿದ್ದಳು. ಅದು ಒಣಗುವವರೆಗೂ ನೀರು ಸೋಕಿಸಬೇಡ. ಇಲ್ಲದ ಕೈಯ ಬೆರಳುಗಳು ಬೆಳಗಿನ ಹೊತ್ತು ಮುಷ್ಟಿ ಕಟ್ಟಿದಂತೆ ನೋಯುತ್ತವೆ, ಬಿಡಿಸಲು ಬರುವುದಿಲ್ಲ ಎಂದು ನೀನು ಹೇಳುತ್ತೀಯಂತೆ. ಇಲ್ಲಿಯ ವೈದ್ಯರನ್ನು ಕೇಳಿದೆ. ಕನ್ನಡಿಯ ಮುಂದೆ ಎಡಗೈ ಇಟ್ಟು ಮುಷ್ಟಿ ಬಿಚ್ಚಿ ಮಡಚಿ ಮಾಡಿದರೆ, ಪ್ರತಿಬಿಂಬವನ್ನು ಬಲಗೈಯೆಂದು ಮನಸ್ಸು ನಂಬಿ ನೋವು ಇಳಿಯುವುದುಂಟಂತೆ. ನಗು ಬರಬಹುದು. ದಿನಕ್ಕೆ ಹದಿನೈದು ನಿಮಿಷದಂತೆ ಒಂದು ತಿಂಗಳು ಮಾಡಿ ನೋಡು. ನಿನ್ನ ಹೆಂಡತಿಯ ಬೆನ್ನುನೋವು, ಪುಟ್ಟಿಯ ಶಾಲೆ, ಭಾವನವರ ಸಕ್ಕರೆ ಕಾಯಿಲೆ, ಎಲ್ಲದರ ಬಗ್ಗೆಯೂ ಬರೆ.

ಫೋನಿದ್ದೂ ಪತ್ರವೇಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ನಾನು ಎರಡನೆಯ ವಾಕ್ಯಕ್ಕೆ ಬರುವ ಮೊದಲೇ ನೀನು, "ಬಿಡಣ್ಣ, ಆಗಿದ್ದು ಆಯ್ತು" ಎಂದೆ. ನಾನೂ ಬಿಟ್ಟೆ, ಬಿಡುವುದು ಸುಲಭವಾಗಿತ್ತು. ಕಾಗದಕ್ಕೆ ಯಾರೂ "ಬಿಡಣ್ಣ" ಎನ್ನಲಾರರು.

ಅಮ್ಮನ ಆರೋಗ್ಯ ಮೊದಲಿನಂತೆಯೇ ಇದೆ. ಮಂಡಿ ಹಿಡಿದರೂ ಬಾಯಿ ಹಿಡಿದಿಲ್ಲ. ಯಾರು ಬಂದರೂ ನಿನ್ನ ಸುದ್ದಿಯನ್ನೇ ತೆಗೆಯುತ್ತಾಳೆ. "ಅವ್ನು ಚಿಕ್ಕಂದಿನಿಂದ್ಲೂ ಹಾಗೇನೇ. ತಲೆ ಕತ್ತಿಗೆ ಅಂಟಿಕೊಂಡಿತ್ತು ಅಂತ ಉಳೀತು, ಇಲ್ದಿದ್ರೆ ಅದನ್ನೂ ಎಲ್ಲಾದ್ರೂ ಬಿಟ್ಟು ಬರ್ತಿದ್ದ" ಎಂದು ಹೇಳಿ ನಗುತ್ತಾಳೆ, ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ, "ಇವನಿಲ್ದಿದ್ರೆ ಅವನು ಬದುಕ್ತಾನೇ ಇರ್ಲಿಲ್ಲ" ಎಂದು ಬಂದವರಿಗೆ ತೋರಿಸುತ್ತಾಳೆ. ಸೊಂಟದ ಬೆಲ್ಟು ಬಿಚ್ಚಿ ನಿನ್ನ ಭುಜಕ್ಕೆ ಬಿಗಿದು ರಕ್ತ ನಿಲ್ಲಿಸಿದ್ದಕ್ಕೆ ಕಾರ್ಖಾನೆಯವರು ನನಗೆ ಪ್ರಶಂಸಾಪತ್ರ ಕೊಟ್ಟದ್ದು ನಿನಗೆ ಗೊತ್ತು. ಅದು ಕಟ್ಟುಹಾಕಿಸಿಕೊಂಡು ಕಾರ್ಖಾನೆಯ ನನ್ನ ಕೋಣೆಯ ಗೋಡೆಯ ಮೇಲೆ, ನನ್ನ ಕುರ್ಚಿಯ ಎದುರಿಗೇ ಇದೆ. ಸಮಯಪ್ರಜ್ಞೆ ಎಂಬ ಶಬ್ದ ಅದರಲ್ಲಿ ಎರಡು ಸಲ ಬರುತ್ತದೆ.

ಕಳೆದ ವಾರ ಅಕ್ಕನ ಪತ್ರ ಬಂತು. ತನ್ನ ಮನೆಯಲ್ಲಿ ನೀನು ಚೇತರಿಸಿಕೊಳ್ಳುತ್ತಿರುವುದನ್ನು ಹೇಳಿ ನನ್ನ ಮನಸ್ಸು ಹಗುರ ಮಾಡಲು ಅವಳು ಬರೆದದ್ದು. ಎಡಗೈಯೊಂದರಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತೀಯೆಂದು, ಅಕ್ಷರ ಕೋಳಿ ಕೆದಕಿದ ಹಾಗಿದ್ದರೂ ದಿನಕ್ಕೊಂದು ಪುಟ ಬರೆಯುತ್ತೀಯೆಂದು, ಬೀದಿಯವರ ಇಸ್ತ್ರಿ ಪೆಟ್ಟಿಗೆ, ಫ್ಯಾನುಗಳನ್ನು ಮೊಣಕಾಲ ನಡುವೆ ಅದುಮಿಕೊಂಡು, ಹಲ್ಲಿನಲ್ಲಿ ತಂತಿ ಸುಲಿದು ರಿಪೇರಿ ಮಾಡಿಕೊಡುತ್ತೀಯೆಂದು ಬರೆದಿದ್ದಳು. ಓದುತ್ತ ನಾನು ತಲೆದೂಗಿದೆ. ಮುಂದಿನ ಸಾಲಿನಲ್ಲಿ ಹೀಗಿತ್ತು: "ರಿಪೇರಿ ಆದ್ಮೇಲೆ ಮಾತ್ರ ಪ್ಲಗ್ಗನ್ನು ಅವನು ಮುಟ್ಟೋದಿಲ್ಲ, ನಿಮ್ಮ ಭಾವನೇ ಹಾಕಿ ನೋಡ್ಬೇಕು. ನಲ್ಲಿ ನಿಲ್ಲಿಸಿದ್ನಾ ಅಂತ ನಾಲ್ಕು ಸಲ ಎದ್ದು ಹೋಗ್ತಾನೆ. ಪುಟ್ಟೀನ ರಸ್ತೆ ದಾಟಿಸು ಅಂದ್ರೆ ಕೈ ಹಿಂದೆ ಎಳ್ಕೋತಾನೆ. ನನ್ನ ಕೈಲಿ ಕೊಡ್ಬೇಡ ಅಕ್ಕಾ, ನಡು ರಸ್ತೇಲಿ ಮರೆತುಬಿಟ್ಟೇನು ಅಂತಾನೆ."

ಆ ಸಾಲುಗಳನ್ನು ಬಹಳ ಸಲ ಓದಿದೆ. ಕೈ ಹೋದದ್ದನ್ನು ನೀನು ಆರು ತಿಂಗಳಲ್ಲಿ ಹೇಗೋ ಸಂಭಾಳಿಸಿದ್ದೀಯೆ. ನನ್ನಿಂದ ಹಾಗಾಗುತ್ತಿರಲಿಲ್ಲ. ಆದರೆ ನಿನ್ನ ಬುದ್ಧಿಯ ಮೇಲೆ ನಿನಗಿದ್ದ ನಂಬಿಕೆ ಯಂತ್ರಕ್ಕೆ ಸಿಕ್ಕಿ ಹೋದದ್ದಲ್ಲ. ಅದನ್ನು ತೆಗೆದವನು ನಾನು. ಹೇಗೆಂಬುದನ್ನು ಕ್ರಮವಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವ ಕೆಲವನ್ನೂ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇದನ್ನು ಅಕ್ಕನಿಗೂ ನೀನು ಓದಲು ಕೊಡಬೇಕು, ಅವಳಿಗೂ ಅರ್ಥವಾಗಬೇಕು.

ನಮ್ಮ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ರತಿ ಫಿಟ್ಟರನಿಗೂ ಒಂದು ಕೆಂಪು ಬೀಗವಿದೆ. ಯಂತ್ರಕ್ಕೆ ಕೈ ಹಾಕುವ ಮೊದಲು ಸ್ವಿಚ್ಚಿನ ಕೋಣೆಗೆ ಹೋಗಿ, ಆ ಯಂತ್ರದ ಮುಖ್ಯ ಸ್ವಿಚ್ಚು ಇಳಿಸಿ, ತನ್ನ ಬೀಗ ಹಾಕಿ, ಕೀಲಿಯನ್ನು ತನ್ನ ಕಿಸೆಯಲ್ಲೇ ಇಟ್ಟುಕೊಳ್ಳಬೇಕು. ಹಾಕಿದವನೇ ತೆಗೆಯಬೇಕು. ಎಲ್ಲ ಬೀಗಗಳ ಎರಡನೆಯ ಕೀಲಿ ಫಿಟ್ಟರುಗಳ ಮೇಲ್ವಿಚಾರಕನಾದ ನನ್ನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿರುತ್ತದೆ. ಬೀಗದ ಯಜಮಾನನನ್ನು ಕಣ್ಣಾರೆ ಕಾಣದೆ, ಇಲ್ಲವೇ ಅವನ ದನಿ ಫೋನಿನಲ್ಲಿ ಕೇಳದೆ ಅದನ್ನು ಮುಟ್ಟಬಾರದು. ಮುಟ್ಟಿದರೆ ಪುಸ್ತಕದಲ್ಲಿ ಬರೆಯಬೇಕು. ಹನ್ನೊಂದು ವರ್ಷದ ಹಿಂದೆ ಈ ನಿಯಮ ಬರೆದವನು ನಾನೇ. ನಿನ್ನ ಬೀಗದ ನಂಬರು ಹದಿನೇಳು.

ಬೀಗ ತೆಗೆಯುವುದನ್ನು ಮರೆತು ನೀನು ಮನೆಗೆ ಹೋದದ್ದು ಮೂರು ಸಲ. "ಪ್ರೊಫೆಸರ್ ಸಾಹೇಬ್ರು ಬೀಗ ಜಡಿದು ಲೋಕ ಸಂಚಾರಕ್ಕೆ ಹೊರಟ್ರು" ಎಂದು ಫಿಟ್ಟರುಗಳು ಆಡಿಕೊಳ್ಳುತ್ತಿದ್ದರು. ಮೂರು ಸಲವೂ ನಾನು ನಿನ್ನ ಮನೆಗೆ ಫೋನು ಮಾಡಿ, ನಿನ್ನ ಆಕಳಿಕೆ ಕೇಳಿ, ಬೈದು, ಪುಸ್ತಕದಲ್ಲಿ ಬರೆದು ಬೀಗ ತೆಗೆದೆ. ನಾಲ್ಕನೆಯ ಸಲ ಬರೆದರೆ ಹದಿನೈದು ದಿನ ಅಮಾನತು. ಒಂದು ಮಾತು ನೆನಪಿಡು. ನೀನು ಮರೆಯುತ್ತಿದ್ದದ್ದು ಬೀಗ ತೆಗೆಯುವುದನ್ನು. ಹಾಕುವುದನ್ನು ನೀನು ಒಮ್ಮೆಯೂ ಮರೆತವನಲ್ಲ.

ಮೇ ಒಂಬತ್ತು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಪಾಳಿ ಬದಲಾಗಿತ್ತು. ಎರಡನೇ ನಂಬರಿನ ಹಿಟ್ಟು ಕಲಸುವ ಯಂತ್ರ ನಿಂತಿದ್ದರಿಂದ ಒಲೆಗಳು ಖಾಲಿ ಓಡುತ್ತಿದ್ದವು. ಸ್ವಿಚ್ಚಿನ ಕೋಣೆಗೆ ಹೋದೆ. ಹದಿನೇಳನೇ ನಂಬರಿನ ಬೀಗ ನೇತಾಡುತ್ತಿತ್ತು. ಕಿಟಕಿಯಿಂದ ನೋಡಿದರೆ ನಿನ್ನ ಸ್ಕೂಟರು ನಿಲ್ಲುವ ಜಾಗ ಬರಿದಾಗಿತ್ತು. ಆ ದಿನ ಅದನ್ನು ನಿನ್ನ ಹೆಂಡತಿ ತೆಗೆದುಕೊಂಡು ಹೋಗಿದ್ದಳೆಂದು ನನಗೆ ತಿಳಿದದ್ದು ಆಸ್ಪತ್ರೆಯಲ್ಲಿ. ನಾಲ್ಕನೇ ಸಲ, ಈ ಮಹಾರಾಯ ಮತ್ತೆ ಮರೆತು ಹೋಗಿದ್ದಾನೆ ಎಂದುಕೊಂಡೆ. ಫೋನು ಮಾಡಲಿಲ್ಲ, ಮಾಡಿದರೆ ಬರೆಯಬೇಕು, ಬರೆದರೆ ನಿನ್ನ ಅಮಾನತಾಗಬೇಕು. ಗಾಜಿನ ಪೆಟ್ಟಿಗೆ ತೆರೆದು ಕೀಲಿ ತಂದು, ಬೀಗ ತೆಗೆದು ಕಿಸೆಗೆ ಹಾಕಿಕೊಂಡು, ಸ್ವಿಚ್ಚು ಏರಿಸಿದೆ. "ಎರಡನೇ ನಂಬರ್ ರೆಡಿ ಇದೆ, ಶುರು ಮಾಡು" ಎಂದು ಆಪರೇಟರನಿಗೆ ಫೋನಿನಲ್ಲಿ ಹೇಳಿದೆ. ಅವನು ಮುಂದಿನಿಂದ ನೋಡಿದ, ತೊಟ್ಟಿ ಖಾಲಿಯಿತ್ತು, ಗುಂಡಿ ಒತ್ತಿದ. ನೀನು ಹಿಂಬದಿಯ ಕಿಂಡಿಯಿಂದ ಬಲಗೈಯನ್ನು ಭುಜದವರೆಗೆ, ತೊಟ್ಟಿಯ ಕೆಳಗಿನ ಚಕ್ರಗಳ ನಡುವೆ ಚಾಚಿದ್ದೆ. ಪಾಳಿ ಮುಗಿದರೂ, ಹಿಡಿದ ಕೆಲಸ ಮುಗಿಸಿಯೇ ಏಳೋಣವೆಂದು ಕುಳಿತಿದ್ದೆ.

ಸ್ವಿಚ್ಚಿನ ಕೋಣೆಗೆ ಕೂಗು ಕೇಳಿಸುವುದಿಲ್ಲ. ನನಗೆ ಕಂಡದ್ದು ಯಂತ್ರ ಎಳೆಯುವ ವಿದ್ಯುತ್ತನ್ನು ಅಳೆಯುವ ಅಮೀಟರಿನ ಮುಳ್ಳು. ಖಾಲಿ ಯಂತ್ರಕ್ಕೆ ಹನ್ನೊಂದರಲ್ಲಿ ನಿಲ್ಲಬೇಕಾದದ್ದು ಹತ್ತೊಂಬತ್ತಕ್ಕೆ ಹೋಗಿ, ಒಂದು ಗಳಿಗೆ ಅಲ್ಲೇ ನಡುಗಿ, ಮತ್ತೆ ಹನ್ನೊಂದಕ್ಕೆ ಇಳಿಯಿತು. ಬೇರಿಂಗಿನಲ್ಲಿ ಏನೋ ಸಿಕ್ಕಿರಬೇಕು ಎಂದು ಯೋಚಿಸಿದೆ. ಆ ಯೋಚನೆಯನ್ನು ನನ್ನಿಂದ ಮರೆಯಲು ಆಗಿಲ್ಲ.

ಬೇರೆ ಯಾವ ಫಿಟ್ಟರನ ಬೀಗವಾಗಿದ್ದರೂ ನಾನು ಕೆಳಗಿಳಿದು ಹುಡುಕುತ್ತಿದ್ದೆ. ನಿನ್ನದಾದ್ದರಿಂದ ಹುಡುಕಲಿಲ್ಲ. ನಿನ್ನನ್ನು ಬಲ್ಲೆ ಎಂದುಕೊಂಡಿದ್ದೆ.

ಆಪರೇಟರು ಓಡಿಬಂದು ಕರೆದ ಮೇಲೆಯೇ ನಾನು ಕೆಳಗಿಳಿದು ಬೆಲ್ಟು ಬಿಗಿದದ್ದು. ಆಂಬುಲೆನ್ಸ್ ಹೋದ ಮೇಲೆ ಕೈ ತೊಳೆಯಲು ಹೋದಾಗ ಬೀಗ ಕಿಸೆಯಲ್ಲಿ ಸಿಕ್ಕಿತು. ನಿನ್ನ ಹತಾರಗಳ ಪೆಟ್ಟಿಗೆ ಯಂತ್ರದ ಹಿಂದೆ ತೆರೆದು ಬಿದ್ದಿತ್ತು. ಬೀಗವನ್ನು ಅದರಲ್ಲಿ ಹಾಕಿದೆ. ಯಾರ ವಸ್ತು ಅವರ ಪೆಟ್ಟಿಗೆಯಲ್ಲಿರಲಿ ಎಂಬ ಅಭ್ಯಾಸಬಲದಿಂದ ಹಾಗೆ ಮಾಡಿದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಹಾಕುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿದೆ. ಅಭ್ಯಾಸಬಲದಿಂದ ಮಾಡುವವನು ತಿರುಗಿ ನೋಡುವುದಿಲ್ಲ.

ಮುಂದಿನದು ತಾನಾಗಿಯೇ ನಡೆಯಿತು. ಬೀಗ ಪೆಟ್ಟಿಗೆಯಲ್ಲಿ ಸಿಕ್ಕಿತು, ಆದ್ದರಿಂದ ಫಿಟ್ಟರು ಬೀಗ ಹಾಕಿರಲಿಲ್ಲ ಎಂದು ವಿಚಾರಣೆಯ ವರದಿ ಹೇಳಿತು. ನಿನಗೆ ಆ ಮಧ್ಯಾಹ್ನದ ಊಟದ ನಂತರದ್ದು ಒಂದೂ ನೆನಪಿರಲಿಲ್ಲ. ವರದಿ ಓದಿ ಹೇಳಿದಾಗ ನೀನು ದಿಂಬಿಗೆ ಒರಗಿಕೊಂಡೇ, "ಹಾಕಿರ್ಲಿಕ್ಕಿಲ್ಲ ಬಿಡಿ ಸಾರ್. ನನ್ನ ಮರೆವು ಊರಿಗೇ ಗೊತ್ತು" ಎಂದೆ. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಅವರು ನಿನ್ನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಶಾಯಿಯನ್ನು ಹತ್ತಿಯಿಂದ ಒರೆಸಿದವನು ನಾನು. ಸ್ವಂತ ಅಜಾಗರೂಕತೆ ಎಂಬ ಷರಾ ಬರೆದು ನಿನ್ನನ್ನು ಕೆಲಸದಿಂದ ಬಿಡಿಸಿದಾಗಲೂ ನಾನು ಬಾಯಿ ಬಿಡಲಿಲ್ಲ. ನನ್ನ ಬಾಯಿಗೂ ಬೀಗ ಬಿದ್ದಿತ್ತು ಎಂದು ಬರೆಯಬಹುದು, ಆದರೆ ಅದು ಅಲಂಕಾರದ ಮಾತಾಗುತ್ತದೆ. ನಾನು ಹೆದರಿದ್ದೆ, ಅಷ್ಟೆ. ಕೆಲಸ, ಈ ಮನೆ, ಅಮ್ಮನ ಮುಂದೆ ಇರುವ ಹೆಸರು. ಮೊದಲ ವಾರ ಹೇಳಿಬಿಡಬಹುದಿತ್ತು. ಎರಡನೆಯ ವಾರ ಕಷ್ಟವಾಯಿತು. ತಿಂಗಳಾದ ಮೇಲೆ ಅದು ಮನೆಯ ಒಂದು ಕಂಬದಂತೆ ನಿಂತುಬಿಟ್ಟಿತು. ಗೊತ್ತಿಲ್ಲದವರೂ ಸೇರಿ ಎಲ್ಲರೂ ಸುತ್ತಿ ಬಳಸಿ ನಡೆಯುತ್ತಿದ್ದೆವು.

ನಿನ್ನೆ ಸಂಜೆ ನಿನ್ನ ಅತ್ತಿಗೆಗೆ ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಿ ಕೇಳಿದಳು, "ಆರು ತಿಂಗಳು ನನ್ನೆದುರು ಕೂತು ಊಟ ಮಾಡಿದ್ರಲ್ಲ, ಒಂದ್ ದಿನಾನೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಾ ನಿಮ್ಗೆ?" ಆಮೇಲೆ ಅವಳೇ ಎದ್ದು, ಸ್ಟೂಲು ಹಾಕಿಕೊಂಡು ಅಟ್ಟದಿಂದ ಎರಡು ಟ್ರಂಕು ಇಳಿಸಿ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದಳು. ಈ ಮನೆ ಕಾರ್ಖಾನೆಯದು, ಬಿಡಬೇಕಾಗುತ್ತದೆ ಎಂದು ನಾನಿನ್ನೂ ಹೇಳಿರಲಿಲ್ಲ.

ಮೇಲೆ ಬರೆದುದನ್ನೇ ಹೇಳಿಕೆಯಾಗಿ ಎರಡು ಪ್ರತಿ ಮಾಡಿದ್ದೇನೆ. ಒಂದು ಕಾರ್ಖಾನೆಗಳ ತನಿಖಾಧಿಕಾರಿಗೆ, ಒಂದು ನಮ್ಮ ಮ್ಯಾನೇಜರಿಗೆ. ಈಗ ಒಂಬತ್ತು ಗಂಟೆ. ಹೊರಟು ಎರಡನ್ನೂ ತಲುಪಿಸುತ್ತೇನೆ. ಅಮ್ಮನಿಗೆ ಬಂದು ಹೇಳುತ್ತೇನೆ. ಅದಕ್ಕೆ ವಾಕ್ಯಗಳನ್ನು ಮೊದಲೇ ಜೋಡಿಸಿಟ್ಟುಕೊಂಡಿಲ್ಲ, ಜೋಡಿಸಲು ಆಗಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಆ ಕ್ಷಣವೇ ಕೊಟ್ಟುಬಿಡುತ್ತೀಯೆ. ಅದಕ್ಕೆ ಅವಸರವಿಲ್ಲ. ಕೋಪ ಬಂದರೆ ಬರಲಿ, ವರ್ಷಗಟ್ಟಲೆ ಇದ್ದರೂ ಇರಲಿ. ಅಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರ. ನಿನ್ನ ಹೆಂಡತಿಗೆ ಏನು ಹೇಳಬೇಕೋ ನನಗೆ ತಿಳಿಯದು, ನೀನೇ ಹೇಳು. ಪುಟ್ಟಿಗೆ ದೊಡ್ಡಪ್ಪನ ಮುದ್ದು. ನಿನ್ನ ಮೈ ಗಟ್ಟಿಯಾಗಲಿ.

ಇಂತು,
ನಿನ್ನ ಅಣ್ಣ

ತಾ.ಕ.: ಮಧ್ಯಾಹ್ನ ಮೂರು ಗಂಟೆ. ಹೇಳಿಕೆ ಎರಡೂ ಕಡೆ ತಲುಪಿದೆ. ಮ್ಯಾನೇಜರು ಓದಿ ಬಾಗಿಲು ಹಾಕಿಕೊಂಡು, "ಆರಿದ ಗಾಯ ಯಾಕ್ ಕೆರೀತೀರಿ? ನಿಮ್ಮ ತಮ್ಮ ಇನ್ನೊಂದು ಸಲ ಒಪ್ಪಿಗೆ ಬರೆದುಕೊಟ್ರೆ ಇದು ಕಸದ ಬುಟ್ಟಿಗೆ" ಎಂದರು. ಅವರ ಕಚೇರಿಯ ಒಬ್ಬ ಅಧಿಕಾರಿ ಟೈಪು ಮಾಡಿದ ಕಾಗದ ಹಿಡಿದು ನಾಳೆ ನಿನ್ನಲ್ಲಿಗೆ ಬರುತ್ತಾನೆ. ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಅತ್ತಿಗೆ ಈಗಿನ ಬಸ್ಸಿಗೇ ಹೊರಟು ಸಂಜೆಯೊಳಗೆ ನಿನ್ನ ಕೈಗೆ ಕೊಡುತ್ತಾಳೆ. ಅವನು ಮೃದುವಾಗಿ ಮಾತಾಡುತ್ತಾನೆ. ಅಣ್ಣನ ಕೆಲಸ ಉಳಿಸಿ, ವಯಸ್ಸಾದ ತಾಯಿ ಇದ್ದಾರೆ, ಒಂದು ಸಾಲು, ಒಂದು ಸಹಿ ಎನ್ನುತ್ತಾನೆ. ನೀನು ಮಾಡಿಬಿಡುವವನೇ, ನಾನು ಬಲ್ಲೆ. ಮಾಡಬೇಡ. ನನ್ನ ವಿರುದ್ಧ ಏನನ್ನೂ ಹೇಳಲು ಬಾಯಿ ಬಾರದಿದ್ದರೆ ನೆನಪಿಲ್ಲ ಎನ್ನು, ಅದು ನಿಜ. ಮರೆತಿದ್ದೆ ಎಂದು ಮಾತ್ರ ಇನ್ನು ಯಾರ ಮುಂದೆಯೂ ಹೇಳಬೇಡ, ನಿನಗೆ ನೀನೇ ಕೂಡ. ನೀನು ಬೀಗ ಹಾಕಿದ್ದೆ. ನಾನು ಕಣ್ಣಾರೆ ಕಂಡಿದ್ದೇನೆ.