ತೋಳು ಸಡಿಲ, ಸೊಂಟ ಬಿಗಿ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಫೋನಿನಲ್ಲಿ ಕೇಳಿದರೆ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದಕ್ಕಾದರೆ ನೀವು ನಡುವೆ ಬಾಯಿ ಹಾಕಲಾರಿರಿ. ಅತ್ತೆಯವರ ಮಂಡಿನೋವು ಸ್ವಲ್ಪ ಕಡಿಮೆಯಾಗಿದೆ, ಮಾತು ಮಾತ್ರ ಕಡಿಮೆಯಾಗಿಲ್ಲ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ. ಅಪ್ಪ ಬರುವವರೆಗೂ ಯಾರಿಗೂ ತೋರಿಸುವುದಿಲ್ಲ ಎಂದವಳು ಬೀದಿಯವರಿಗೆಲ್ಲ ಬಾಯಿ ತೆರೆದು ತೋರಿಸಿ ಬಂದಳು. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನನಗೆ ಭಯವಾಗುತ್ತಿದೆ ರೀ.

ಹೋದ ತಿಂಗಳು ರಜೆಗೆ ಬಂದಾಗ ಬಾಗಿಲಲ್ಲೇ ನಿಮ್ಮ ತೂಕದ ಪುರಾಣ ಶುರುವಾಗಿತ್ತು. ಬಂದರಿನವರು ಫಿಟ್‌ನೆಸ್ ಪರೀಕ್ಷೆ ಮಾಡುತ್ತಾರೆ, ತೂಕ ಇಳಿಸದಿದ್ದರೆ ಕ್ರೇನಿನಿಂದ ಕೆಳಗಿಳಿಸಿ ಗೋದಾಮಿಗೆ ಹಾಕುತ್ತಾರೆ ಎಂದಿರಿ. ಆ ಎತ್ತರದ ಕ್ಯಾಬಿನ್ನು ಎಂದರೆ ನಿಮಗೆ ಪ್ರಾಣ, ನನಗೆ ಗೊತ್ತಿಲ್ಲವೇ? ಬೆಳಿಗ್ಗೆ ಎದ್ದು ಓಟ, ಮಧ್ಯಾಹ್ನ ಊಟಕ್ಕೆ ಚಕ್ಕರ್, ಸಂಜೆ ಗ್ಲಾಸು. ಇದೇನ್ರೀ ಎಂದು ಕೇಳಿದ್ದಕ್ಕೆ "ಊಟ ಬಿಟ್ಟಿದೀನಲ್ಲ ಮಾರಾಯ್ತಿ, ಇದು ಅದರ ಜಾಗಕ್ಕೆ. ಲೆಕ್ಕ ಸಮ" ಎಂದಿರಿ. ತಕ್ಕಡಿಯೂ ನಿಮ್ಮ ಪರವಾಗಿಯೇ ಇತ್ತು. ಕನ್ನಡಿಯ ಮುಂದೆ ಮದುಮಗನ ಹಾಗೆ ಒಂದು ಸುತ್ತು ತಿರುಗಿದ್ದೂ ಆಯಿತು.

ಆಮೇಲೆ ಹೊಸ ಯೂನಿಫಾರ್ಮಿಗೆಂದು ನಿಮ್ಮನ್ನು ನಿಲ್ಲಿಸಿ ಅಳತೆ ತೆಗೆದೆನಲ್ಲ. ಮದುವೆಯಾದಾಗಿನಿಂದ ನಿಮ್ಮ ಬಟ್ಟೆ ಹೊಲಿದವಳು ನಾನು, ನಿಮ್ಮ ಅಳತೆ ನನಗೆ ಬಾಯಿಪಾಠ. ತೋಳು ಸಣ್ಣಗಾಗಿತ್ತು, ತೊಡೆ ಸಣ್ಣಗಾಗಿತ್ತು, ಭುಜ ಇಳಿದಿತ್ತು. ಸೊಂಟ ಮಾತ್ರ ಇದ್ದ ಹಾಗೆಯೇ ಇತ್ತು, ಇನ್ನೂ ಒಂದು ಬೆರಳು ಹೆಚ್ಚೇ. "ನಿನ್ನ ಟೇಪು ಹಳೇದಾಯ್ತು ಕಣೆ" ಎಂದು ನಕ್ಕಿರಿ. ಇಷ್ಟು ವರ್ಷ ಹೊಲಿದಿದ್ದೇನೆ, ತೂಕ ಇಳಿಸಿದವರು ಬಟ್ಟೆ ಸಣ್ಣ ಮಾಡಿಸಲು ಬರುವುದೇ ಸೊಂಟದ ಕಡೆಯಿಂದ. ನೀವು ಇಳಿದಿದ್ದು ಕೈಕಾಲಿನಲ್ಲಿ. ಹೊರಡುವ ದಿನ ಬೆಳಿಗ್ಗೆ ಅಂಗಿ ಹಾಕಿ ನೋಡಿದಾಗ ಗುಂಡಿ ಹಾಕಲು ನಿಮ್ಮ ಬೆರಳು ಕೇಳಲಿಲ್ಲ, ಗಡಗಡ ನಡುಗುತ್ತಿತ್ತು. ಕಾಜಾ ಚಿಕ್ಕದಾಯಿತು ಎಂದಿರಿ. ಕಾಜಾ ಸರಿಯಾಗಿಯೇ ಇತ್ತು ರೀ. ಗುಂಡಿ ನಾನೇ ಹಾಕಿದೆ.

ಕ್ಲಿನಿಕ್ಕಿನ ಡಾಕ್ಟರಮ್ಮ ಕೋಟು ಹಿಡಿಸಲು ಬಂದಿದ್ದರು. ಯಾರದೋ ಕಥೆ ಎನ್ನುವ ಹಾಗೆ ಕೇಳಿದೆ, ಆದರೆ ಕೇಳುವಾಗಲೇ ಕಣ್ಣು ತುಂಬಿತು, ಗುಟ್ಟು ಅಲ್ಲಿಗೇ ರಟ್ಟಾಯಿತು. ಒಳಗೆ ಹೋದ ಮದ್ಯವನ್ನು ಖಾಲಿ ಮಾಡುವುದೇ ದೇಹಕ್ಕೆ ಮೊದಲ ಕೆಲಸವಂತೆ, ಅಲ್ಲಿಯವರೆಗೂ ಕೊಬ್ಬಿನ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಊಟವಿಲ್ಲದೆ ಓಡಿದರೆ ಕರಗುವುದು ಮಾಂಸಖಂಡವಂತೆ. ನಿದ್ದೆಯೂ ಕೆಟ್ಟು, ಓಡಿದ್ದು ಮೈಗೆ ಹತ್ತುವುದಿಲ್ಲವಂತೆ. ಕೈ ನಡುಗುವುದನ್ನು ಹೇಳಿದಾಗ ಅವರ ಮುಖ ಬದಲಾಯಿತು. "ಒಂದೇ ಸಲ ತಾವಾಗಿ ನಿಲ್ಲಿಸೋಕೂ ಹೋಗ್ಬಾರದು, ಅದೂ ಅಪಾಯ. ಮೊದಲು ಆಸ್ಪತ್ರೆಗೆ ತೋರಿಸ್ಲಿ" ಎಂದರು. ಕುಡಿದರೂ ಭಯ, ಬಿಟ್ಟರೂ ಭಯ ಎಂದರೆ ನಾನೇನು ಮಾಡಲಿ?

ಅಷ್ಟಕ್ಕೇ ಮುಗಿಯಲಿಲ್ಲ. ಕೆಳಗೆ ನಿಂತು ನಿಮಗೆ ಸಿಗ್ನಲ್ ಕೊಡುವ ನಿಮ್ಮ ಗೆಳೆಯ ಮೀಸೆ, ಮೊನ್ನೆ ಫೋನ್ ಮಾಡಿದ್ದ. "ಅತ್ತಿಗೆ, ನಾನು ಹೇಳ್ದೆ ಅಂತ ಹೇಳ್ಬೇಡಿ" ಎಂದ. ಪಾಪ, ಹೇಳಿಬಿಟ್ಟೆ ನೋಡಿ. ಕ್ರೇನಿನ ಏಣಿಯ ಅರ್ಧದಲ್ಲಿ ನೀವು ನಿಂತುಬಿಟ್ಟಿರಂತೆ. ಕಣ್ಣು ಮುಚ್ಚಿ ಏಣಿಯನ್ನು ತಬ್ಬಿಕೊಂಡಿದ್ದಿರಂತೆ, ಕೂಗಿದರೂ ಮಾತಿಲ್ಲವಂತೆ. ಆಮೇಲೆ ಮೆಲ್ಲಗೆ ಇಳಿದು, ಎರಡು ಬಿಸ್ಕತ್ತು ತಿಂದು, ಮತ್ತೆ ಹತ್ತಿದಿರಂತೆ! ಅಯ್ಯೋ, ನಿಮಗೆ ಏನು ಹೇಳಲಿ? ಆವತ್ತಿನಿಂದ ಮೆಷಿನ್ನಿನ ಮುಂದೆ ಕೂತರೆ ಆ ಏಣಿಯೇ ಕಣ್ಣಿಗೆ ಕಟ್ಟುತ್ತದೆ. ಬೆರಳಿಗೆ ಸೂಜಿ ಚುಚ್ಚಿಕೊಂಡೆ, ಕಲಿಯುವಾಗಲೂ ಹಾಗೆ ಚುಚ್ಚಿಕೊಂಡವಳಲ್ಲ. ನೀವು ಬೀಳುವುದು ಒಂದು, ಮೇಲಿಂದ ಭಾರ ಇಳಿಸುವಾಗ ಆ ಕೈ ನಡುಗಿದರೆ ಕೆಳಗಿರುವವರ ಗತಿ?

ನಿಮ್ಮನ್ನು ಬೈಯಲು ಕೂತವಳಲ್ಲ. ದಪ್ಪಗಿದ್ದಾಗಲೇ ಒಪ್ಪಿ ಮದುವೆಯಾದವಳು, ಈಗ ನಿಮ್ಮ ಸೊಂಟ ಕಟ್ಟಿಕೊಂಡು ನನಗೇನಾಗಬೇಕು? ಮೂರು ಹೊತ್ತೂ ಊಟ ಮಾಡಿ. ಆಸ್ಪತ್ರೆಗೆ ಹೋಗಿ, ಎಷ್ಟು ಕುಡಿಯುತ್ತೀರೋ ಅಷ್ಟನ್ನೂ ಮುಚ್ಚಿಡದೆ ಹೇಳಿ. ಒಬ್ಬರೇ ಹೋಗಲು ನಾಚಿಕೆಯಾದರೆ ನಾನೇ ಬರುತ್ತೇನೆ, ಪುಟ್ಟಿಯನ್ನು ಅತ್ತೆ ನೋಡಿಕೊಳ್ಳುತ್ತಾರೆ.

ಅತ್ತೆಯವರ ಆಶೀರ್ವಾದ, ಪುಟ್ಟಿಯ ಮುತ್ತು, ಎರಡನ್ನೂ ಇದರಲ್ಲೇ ಮಡಚಿಟ್ಟಿದ್ದೇನೆ.

ನಿಮ್ಮ,
ಮನೆಯ ದರ್ಜಿ

ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬಂದರಿಗೆ ಹೊರಟ ಪಕ್ಕದ ಮನೆಯ ಲಾರಿಯವರು ಹಾರ್ನ್ ಹಾಕುತ್ತಿದ್ದಾರೆ, ತೋಳು ಸೊಂಟ ತಿದ್ದಿದ ಯೂನಿಫಾರ್ಮೂ ಈ ಕಾಗದವೂ ನಾಳೆ ನೀವು ಕೆಲಸಕ್ಕೆ ಹೊರಡುವ ಮೊದಲೇ ಕೈ ಸೇರುತ್ತವೆ. ಬೆಳಿಗ್ಗೆ ನಾನು ನಿಮ್ಮ ಸೂಪರ್‌ವೈಸರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಏಣಿಯದು, ಕೈ ನಡುಗುವುದು, ಗ್ಲಾಸು, ಎಲ್ಲ. ನಾಳೆಯಿಂದ ನಿಮ್ಮನ್ನು ಮೇಲೆ ಹತ್ತಿಸುವುದಿಲ್ಲ ಎಂದರು. ಕ್ರೇನು ಮತ್ತೆ ಸಿಗುತ್ತದೆಯೇ ಎಂದು ಕೇಳಿದೆ, ಅದನ್ನು ಈಗಲೇ ಹೇಳಲಾಗದು ಎಂದರು. ಮೀಸೆಯನ್ನು ಬೈಯಬೇಡಿ, ಮಾಡಿದವಳು ನಾನು. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಮಾತು ಬಿಡಿ, ಜನ್ಮವೆಲ್ಲ ಕೋಪ ಮಾಡಿಕೊಳ್ಳಿ. ಏನು ಮಾಡುವುದಿದ್ದರೂ ನೆಲದ ಮೇಲೆ ನಿಂತು ಮಾಡಿ.